ಕೆಳಪಟ್ಟಿಯ ಬಲತುದಿ

ಒಂದು ಗಂಡು ಮಗು ಒಂಬತ್ತು ತಿಂಗಳು ಹೆಸರಿಲ್ಲದೆ ಇದ್ದುದಕ್ಕೆ ಕಾರಣ ನಾನು. ನಾನು ಎಂ.ಎ. ಓದಿದ್ದಕ್ಕೂ ಅದಕ್ಕೂ ನೇರ ಸಂಬಂಧವಿದೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ಬೇರೆ ಕ್ರಮದಲ್ಲಿ ಬರೆಯುವುದು ನನಗೆ ಅಭ್ಯಾಸವಿಲ್ಲ.

ಮೂವತ್ತಾರು ವರ್ಷ ಸರ್ಕಾರಿ ನರ್ಸ್ ಆಗಿದ್ದೆ. ಮೊದಲ ಹದಿನಾಲ್ಕು ವರ್ಷ ಆನವಟ್ಟಿಯ ಕಡೆ, ಉಳಿದದ್ದು ಶಿಕಾರಿಪುರದಲ್ಲಿ. ನಿವೃತ್ತಿಯಾದ ಮರುದಿನ ಎಂದಿನಂತೆ ನಾಲ್ಕೂಮುಕ್ಕಾಲಿಗೆ ಎಚ್ಚರವಾಯಿತು. ಸ್ನಾನ ಮಾಡಿ, ಸೀರೆಗೆ ಪಿನ್ನು ಹಾಕಿ, ವಾಚು ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತೆ. ಆಗ ಐದೂವರೆ. ಮಾಡಲು ಏನೂ ಇರಲಿಲ್ಲ. ಮುಂದಿನ ಎರಡು ತಿಂಗಳು ಮನೆಯ ಕಪಾಟುಗಳನ್ನೆಲ್ಲ ಒಂದೊಂದಾಗಿ ಖಾಲಿ ಮಾಡಿ ಒರೆಸಿ ಮತ್ತೆ ತುಂಬಿದೆ. ಆಮೇಲೆ ಕಪಾಟುಗಳು ಮುಗಿದವು.

ಹಾಗಿರುವಾಗ ಪತ್ರಿಕೆಯಲ್ಲಿ ವಿಶ್ವವಿದ್ಯಾಲಯದ ಒಂದು ಪ್ರಕಟಣೆ ನೋಡಿದೆ. ಪ್ರಾದೇಶಿಕ ಇತಿಹಾಸ ಮತ್ತು ಸಂಸ್ಕೃತಿ, ಎಂ.ಎ., ಎರಡು ವರ್ಷ. ನೌಕರಿಯಲ್ಲಿದ್ದಾಗಲೇ ಅಂಚೆಯ ಮೂಲಕ ಬಿ.ಎ. ಮುಗಿಸಿದ್ದೆ. ವಯಸ್ಸಿನ ಮಿತಿ ಇದೆಯೇ ಎಂದು ಕಚೇರಿಗೆ ಫೋನ್ ಮಾಡಿದೆ.

"ಯಾರಿಗೆ ಮೇಡಂ, ಮಗಳಿಗಾ?"

"ನನಗೆ."

ಆ ಕಡೆ ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿಸಿತು. ನಂತರ, "ಮಿತಿ ಇಲ್ಲ ಮೇಡಂ. ಇಲ್ಲಿ ತನಕ ಯಾರೂ ಕೇಳಿರಲಿಲ್ಲ" ಎಂದರು.

ಅರ್ಜಿ ತುಂಬಿ ಮನೆಯವರಿಗೆ ತೋರಿಸಿದೆ. ಅವರು ಪತ್ರಿಕೆಯಿಂದ ಕಣ್ಣು ತೆಗೆಯದೆ, "ಪಾಸಾದ್ರೆ ಏನು ಕೊಡ್ತಾರಂತೆ?" ಎಂದು ಕೇಳಿದರು.

"ಸರ್ಟಿಫಿಕೇಟು."

"ಎಲ್ಲಿ ಇಡ್ತೀಯ? ಕಪಾಟೆಲ್ಲ ತುಂಬಿಸಿ ಇಟ್ಟಿದ್ದೀಯಲ್ಲ."

ತರಗತಿಯಲ್ಲಿ ನನ್ನನ್ನು ಬಿಟ್ಟು ಹದಿನೆಂಟು ಜನ. ಎಲ್ಲರೂ ಇಪ್ಪತ್ತೆರಡರ ಆಸುಪಾಸು. ಮೊದಲ ದಿನ ನಾನು ಒಳಗೆ ಕಾಲಿಟ್ಟ ಕೂಡಲೆ ಎಲ್ಲರೂ ಎದ್ದು ನಿಂತರು. ಕುಳಿತುಕೊಳ್ಳಿ ಎಂದೆ, ಕುಳಿತರು. ನಾನೂ ಹೋಗಿ ಅವರ ನಡುವೆ ಒಂದು ಬೆಂಚಿನಲ್ಲಿ ಕುಳಿತೆ. ಐದು ನಿಮಿಷದ ನಂತರ ನಿಜವಾದ ಅಧ್ಯಾಪಕರು ಬಂದಾಗ ಯಾರೂ ಏಳಲಿಲ್ಲ. ಆ ದಿನದ ಏಳುವ ಕೆಲಸ ಮುಗಿದಿದೆ ಎಂದುಕೊಂಡಿದ್ದರು.

ಶಿಕಾರಿಪುರದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ತರಗತಿಗೆ ನಲವತ್ತು ನಿಮಿಷ ಮೊದಲೇ ತಲುಪುತ್ತಿದ್ದೆ. ಆ ನಲವತ್ತು ನಿಮಿಷದಲ್ಲಿ ಹಿಂದಿನ ದಿನದ ಟಿಪ್ಪಣಿಯನ್ನು ಶುದ್ಧಪ್ರತಿ ಮಾಡುತ್ತಿದ್ದೆ. ಎರಡನೆಯ ತಿಂಗಳ ಹೊತ್ತಿಗೆ ತರಗತಿಯ ಅರ್ಧ ಜನ ಟಿಪ್ಪಣಿ ಬರೆಯುವುದನ್ನೇ ಬಿಟ್ಟರು. ನನ್ನದರ ಫೋಟೊ ತೆಗೆದುಕೊಳ್ಳುತ್ತಿದ್ದರು.

ಮೊದಲ ವರ್ಷದಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ವೀರಗಲ್ಲುಗಳ ಪಾಠ. ನಮ್ಮ ಸೊರಬ, ಶಿಕಾರಿಪುರದ ಕಡೆ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಶಾಲೆಯ ಕಾಂಪೌಂಡಿನ ಪಕ್ಕ ಇಂಥ ಕಲ್ಲುಗಳು ನಿಂತಿರುತ್ತವೆ. ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಕೆಳಗೆ ಯುದ್ಧ, ನಡುವೆ ಸತ್ತವನನ್ನು ಕರೆದೊಯ್ಯುವ ಹೆಂಗಸರು, ಮೇಲೆ ಕೈಲಾಸ. ಈ ಚಿತ್ರಗಳ ನಡುವೆ ಉಬ್ಬಿದ ಅಡ್ಡಪಟ್ಟಿ ಇರುತ್ತದೆ, ಅದರ ಮೇಲೆ ಬರಹ. ಆ ಬರಹದಲ್ಲಿ ಸಾಮಾನ್ಯವಾಗಿ ಐದು ವಿಷಯ ಇರುತ್ತವೆ ಎಂದು ಅಧ್ಯಾಪಕರು ಹೇಳಿದರು: ಯಾರ ಆಳ್ವಿಕೆ, ಯಾವ ಊರು, ಯಾವ ಕಾಳಗ, ಸತ್ತವನ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು. ಆಸ್ಪತ್ರೆಯ ಕೇಸ್ ಶೀಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಯಾರು, ಎಲ್ಲಿಯವರು, ಏನಾಯಿತು, ಕರೆತಂದವರು ಯಾರು. ನೋಟ್‌ಬುಕ್ಕಿನಲ್ಲಿ ಐದು ಕಾಲಮ್ಮಿನ ಕೋಷ್ಟಕ ಹಾಕಿಕೊಂಡೆ. "ಸಾಮಾನ್ಯವಾಗಿ" ಎಂಬ ಪದಕ್ಕೆ ಕಾಲಮ್ಮಿನಲ್ಲಿ ಜಾಗವಿರಲಿಲ್ಲ. ಅದನ್ನು ಬಿಟ್ಟೆ.

ತಪ್ಪು ಶುರುವಾದದ್ದು ಅಲ್ಲಿ.

ಮೂರನೆಯ ಸೆಮಿಸ್ಟರಿನಲ್ಲಿ ನಮ್ಮನ್ನು ಕುಬಟೂರಿನ ಗುಡಿಗಳನ್ನು ನೋಡಲು ಕರೆದುಕೊಂಡು ಹೋದರು. ಯಾರು ಟೇಪು ಹಿಡಿಯಬೇಕು, ಯಾರು ಅಳತೆ ಬರೆಯಬೇಕು, ಯಾರು ಚೀಲ ಕಾಯಬೇಕು ಎಂದು ಹಿಂದಿನ ದಿನವೇ ಡ್ಯೂಟಿ ಪಟ್ಟಿ ಮಾಡಿದ್ದೆ. ಯಾರೂ ಕೇಳಿರಲಿಲ್ಲ, ಆದರೆ ಎಲ್ಲರೂ ಪಾಲಿಸಿದರು, ಅಧ್ಯಾಪಕರೂ ಸೇರಿ. ಸಂಜೆ ಉಳಿದವರು ತಂದಿದ್ದ ವಾಹನದಲ್ಲಿ ವಾಪಸು ಹೋದರು. ನಾನು ಶಿಕಾರಿಪುರಕ್ಕೆ ಹೋಗಬೇಕಾದ್ದರಿಂದ ಆನವಟ್ಟಿಯ ಬಸ್ ನಿಲ್ದಾಣದಲ್ಲಿ ಇಳಿದೆ. ಅಲ್ಲಿ ಯಾರೋ ಹಿಂದಿನಿಂದ ನನ್ನ ಸೆರಗು ಹಿಡಿದು ಎಳೆದರು.

"ನರ್ಸಮ್ಮಾ! ನೀವೇನ್ರಿ ಇಲ್ಲಿ? ಬಿಟ್ಟು ಹೋದ ಊರಿಗೆ ಮತ್ತೆ ಹಾಕಿದ್ರಾ?"

ಪಕ್ಕದ ಹಳ್ಳಿಯ ಕುರಿ ಸಾಕುವ ಮನೆಯ ಯಜಮಾನಿ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಆನವಟ್ಟಿಯಲ್ಲಿದ್ದಾಗ ಅವರ ಕಿರಿಯ ಮಗನ ಹೆರಿಗೆ ಮಾಡಿಸಿದ್ದು ನಾನೇ. ಜೊತೆಯಲ್ಲಿ ಆ ಮಗನ ಹೆಂಡತಿ ಇದ್ದಳು, ಅವಳ ತೋಳಿನಲ್ಲಿ ಎರಡೂವರೆ ತಿಂಗಳ ಮಗು. ಚುಚ್ಚುಮದ್ದು ಹಾಕಿಸಿಕೊಂಡು ಬಂದಿದ್ದರು. ಅಭ್ಯಾಸಬಲದಿಂದ ಕಾರ್ಡು ಇಸಿದುಕೊಂಡು ನೋಡಿದೆ. ಚುಚ್ಚುಮದ್ದು ಎಲ್ಲ ಸರಿಯಾಗಿತ್ತು. ಹೆಸರಿನ ಜಾಗದಲ್ಲಿ ತಾಯಿಯ ಹೆಸರು ಬರೆದು ಅವಳ ಮಗು ಎಂದು ಮಾತ್ರ ಇತ್ತು.

"ಹೆಸರು ಇನ್ನೂ ಇಟ್ಟಿಲ್ವಾ ಅಕ್ಕ?"

ಸೊಸೆ ಬೇರೆ ಕಡೆ ನೋಡಿದಳು. ಯಜಮಾನಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ ವಿಷಯ ಹೇಳಿದರು. ಹೆರಿಗೆ ಕಷ್ಟವಾಗಿ ಸೊಸೆಯನ್ನು ಶಿವಮೊಗ್ಗಕ್ಕೆ ಕಳಿಸಿದ್ದರಂತೆ. ಆಗ ಇವರು ಕುರಿ ದೊಡ್ಡಿಯ ಹತ್ತಿರ ನಿಂತಿರುವ ತಮ್ಮ ಮನೆತನದ ಕಲ್ಲಿಗೆ ಕೈಮುಗಿದು ಹರಕೆ ಹೊತ್ತಿದ್ದರು. ಆ ಕಲ್ಲಿಗೆ ಅವರು ಅಜ್ಜ ಎನ್ನುತ್ತಾರೆ. ತಾಯಿ, ಮಗು ಎರಡೂ ನೆಟ್ಟಗೆ ಮನೆಗೆ ಬಂದರೆ ಮಗುವಿಗೆ ನಿನ್ನ ಹೆಸರೇ ಇಡುತ್ತೇನೆ ಎಂದು. ಎರಡೂ ನೆಟ್ಟಗೆ ಮನೆಗೆ ಬಂದವು.

"ಬಂದ ಮ್ಯಾಲೆ ನೆನಪಾತು ನೋಡ್ರಿ, ಅಜ್ಜನ ಹೆಸರೇನು ಅಂತ ಯಾರಿಗೂ ಗೊತ್ತಿಲ್ಲ. ಊರಾಗಿನ ಮುದುಕರ್ನೆಲ್ಲ ಕೇಳ್ದೆ. ಎಲ್ಲರೂ ಅಜ್ಜ ಅಂತಾರೆ."

"ಅಜ್ಜ ಅಂತಾನೇ ಇಟ್ಬಿಡಿ ಅಂತ ನನ್ನ ಗಂಡ ಅಂದ್ರು ಮೇಡಂ" ಎಂದಳು ಸೊಸೆ. "ನಾಳೆ ಶಾಲೇಲಿ ಹಾಜರಿ ಕೂಗೋವಾಗ ಏನಂತ ಕೂಗ್ತಾರೆ?"

"ಕಲ್ಲಿನಲ್ಲಿ ಅಕ್ಷರ ಇದೆಯಾ?" ಎಂದು ನಾನು ಕೇಳಿದೆ.

"ಐತೆ. ಇರುವೆ ಸಾಲು ಇದ್ದಂಗೆ ಐತೆ. ಯಾರು ಓದ್ತಾರೆ ಅದನ್ನ?"

"ನಾವು ಓದುತ್ತೇವೆ" ಎಂದೆ. "ಅದನ್ನೇ ಓದುತ್ತಿದ್ದೇನೆ ಈಗ. ಅಕ್ಷರ ಇದ್ದರೆ ಹೆಸರು ಇದ್ದೇ ಇರುತ್ತದೆ. ಸ್ವಲ್ಪ ತಡೆಯಿರಿ. ತೆಗೆದು ಕೊಡುತ್ತೇನೆ."

ಮೂವತ್ತಾರು ವರ್ಷದಲ್ಲಿ ಯಾವ ರೋಗಿಯ ಮನೆಯವರಿಗೂ ನಾನು ಪರೀಕ್ಷೆಗೆ ಮೊದಲು ಹೀಗೆ ಮಾತು ಕೊಟ್ಟವಳಲ್ಲ. ಆ ಅಭ್ಯಾಸ ಕೆಡಲು ಒಂದು ವರ್ಷದ ಇತಿಹಾಸದ ಓದು ಸಾಕಾಯಿತು.

ಆ ಕಲ್ಲನ್ನೇ ಕಿರು ಪ್ರಬಂಧದ ವಿಷಯವಾಗಿ ಆರಿಸಿಕೊಂಡೆ. ಮಾರ್ಗದರ್ಶಕರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಶಾಸನ ಓದುವುದರಲ್ಲಿ ಗಟ್ಟಿಗರು. ಅವರಿಗೆ ಮೊದಲು ದೀಪಾವಳಿ ರಜೆ ಬಂತು, ನಂತರ ಪರೀಕ್ಷೆ, ನಂತರ ಮೌಲ್ಯಮಾಪನ, ನಂತರ ಒಂದು ತರಬೇತಿ ಶಿಬಿರ. ನಾನು ವಾರಕ್ಕೊಮ್ಮೆ ಅವರ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಯಜಮಾನಿ ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಿದ್ದರು. ಮಗು ಕವುಚಿ ಬಿತ್ತು. ಮಗುವಿಗೆ ಹಲ್ಲು ಬಂತು. ಮಗು ಕೂತಿತು. ಪ್ರತಿ ಸಲವೂ ಕೊನೆಗೆ ಒಂದೇ ಪ್ರಶ್ನೆ: "ಏನಂತಾನೆ ಅಜ್ಜ?"

ಮಗುವಿನ ಹೆಸರನ್ನು ಜನನ ದಾಖಲೆಗೆ ವರ್ಷದೊಳಗೆ ಸೇರಿಸಿದರೆ ಸುಲಭ. ಆಮೇಲೆ ಓಡಾಟ ಹೆಚ್ಚು. ಇದನ್ನು ನಾನು ನೂರಾರು ತಾಯಂದಿರಿಗೆ ಹೇಳಿ ಹೇಳಿ ಕಳಿಸಿದವಳು. ಅದರ ಅರ್ಜಿಯನ್ನು ನಾನೇ ತಂದು ಬರೆದುಕೊಡುತ್ತೇನೆ ಎಂದು ಯಜಮಾನಿಗೂ ಫೋನಿನಲ್ಲಿ ಹೇಳಿದ್ದೆ.

ಕಡೆಗೆ ಫೆಬ್ರವರಿಯ ಒಂದು ಶನಿವಾರ ಮಾರ್ಗದರ್ಶಕರು ಕಾಗದದ ಸುರುಳಿ, ಬ್ರಷ್ಷು, ಮಸಿ ತೆಗೆದುಕೊಂಡು ಬಂದರು. ಬರಹದ ಪಡಿಯಚ್ಚು ತೆಗೆಯುವುದು ಕೆಲಸ. ಕಲ್ಲನ್ನು ಶುದ್ಧ ಮಾಡಿ ಒದ್ದೆ ಕಾಗದ ಅಂಟಿಸಿ ಬ್ರಷ್ಷಿನಿಂದ ತಟ್ಟಿದರೆ ಕಾಗದ ಅಕ್ಷರದ ಕುಳಿಯೊಳಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಕಲ್ಲು ಕಪ್ಪಾಗಿ, ಅಕ್ಷರ ಬೆಳ್ಳಗೆ ಬರುತ್ತದೆ.

ಕಲ್ಲು ದೊಡ್ಡಿಯ ಪಕ್ಕ ಬೇವಿನ ಮರದ ಕೆಳಗೆ ಇತ್ತು. ನನ್ನ ಎದೆಯ ಎತ್ತರ. ಎಷ್ಟೋ ತಲೆಮಾರಿನ ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಚಾಕು, ಸೋಪು ಮುಟ್ಟಿಸಬೇಡಿ ಎಂದು ಮಾರ್ಗದರ್ಶಕರು ಹೇಳಿದ್ದರು. ಬಿಸಿನೀರು, ಸೀಗೆಪುಡಿ, ಮೃದುವಾದ ಬ್ರಷ್ಷು ಜೋಡಿಸಿಕೊಂಡು ಮೇಲಿನಿಂದ ಕೆಳಕ್ಕೆ, ಕಡಿಮೆ ಕೊಳೆಯಿಂದ ಹೆಚ್ಚು ಕೊಳೆಯ ಕಡೆಗೆ, ಹಾಸಿಗೆ ಹಿಡಿದ ರೋಗಿಗೆ ಮೈ ಒರೆಸುವ ಕ್ರಮದಲ್ಲೇ ಒರೆಸಿದೆ. ಅರ್ಧ ಗಂಟೆಯ ಕೆಲಸ ಎಂದು ಮಾರ್ಗದರ್ಶಕರು ಅಂದುಕೊಂಡಿದ್ದರು. ಮೂರು ಗಂಟೆ ಹಿಡಿಯಿತು. ಅವರು ಅಷ್ಟು ಹೊತ್ತೂ ನಿಂತೇ ಇದ್ದರು, ಏಕೆಂದರೆ ಕೂರಿ ಎಂದು ಯಾರೂ ಹೇಳಲಿಲ್ಲ.

ಯಜಮಾನಿಯ ಷರತ್ತು ಒಂದೇ. "ಎಣ್ಣೆ ಇಲ್ಲದೆ ಅವ ಯಾವತ್ತೂ ಇದ್ದೋನಲ್ಲ. ಬೆತ್ತಲೆ ಬಿಡಬ್ಯಾಡ್ರಿ." ಆದ್ದರಿಂದ ನಾವು ಚಹಾಕ್ಕೆ ಹೋದಾಗ ಕಲ್ಲಿಗೆ ಕಂಬಳಿ ಹೊದೆಸಬೇಕಾಯಿತು. ನೀರು ಕುಡಿಯಲು ಹೋದಾಗಲೂ ಹೊದೆಸಬೇಕಾಯಿತು. ಮಾರ್ಗದರ್ಶಕರು ಫೋನಿನಲ್ಲಿ ಮಾತಾಡಲು ನಾಲ್ಕು ಹೆಜ್ಜೆ ಆಚೆ ಹೋದರೆ ಯಜಮಾನಿ ಬಂದು ಹೊದೆಸಿ ಹೋಗುತ್ತಿದ್ದರು.

ಕಲ್ಲಿನ ಬುಡದ ಮಣ್ಣನ್ನು ಒಂದು ಗೇಣು ಬಿಡಿಸಿದಾಗ ಅಲ್ಲಿ ಇನ್ನೊಂದು ಸಾಲು ಸಿಕ್ಕಿತು. ಅಕ್ಷರಗಳು ನಿನ್ನೆ ಕೊರೆದಂತಿದ್ದವು. "ಮೆಲ್ಲಗೆ ಮಾಡ್ರಿ, ಕಾಲು ಅದು" ಎಂದರು ಯಜಮಾನಿ. ಒಟ್ಟು ಮೂರು ಸಾಲು ಆಯಿತು: ಮೇಲಿನ ಪಟ್ಟಿಯಲ್ಲಿ ಒಂದು, ಕೆಳಗಿನ ಪಟ್ಟಿಯಲ್ಲಿ ಒಂದು, ಬುಡದಲ್ಲಿ ಒಂದು. ಐದು ಕಾಲಮ್ಮಿಗೆ ಮೂರು ಸಾಲು ಧಾರಾಳ ಎಂದು ನನಗೆ ಸಮಾಧಾನವಾಯಿತು.

ಕಾಗದ ಒದ್ದೆ ಮಾಡುತ್ತಿದ್ದಾಗ ಮಗುವಿನ ತಂದೆ ದೊಡ್ಡಿಯಿಂದ ಬಂದ. ಮಾರನೆಯ ದಿನ ಕುರಿಗಳ ಉಣ್ಣೆ ಕತ್ತರಿಸುವುದಿತ್ತು. ಕೈಯಲ್ಲಿ ಎರಡು ದೊಡ್ಡ ಕತ್ತರಿ. ನಮಗೆ ನಮಸ್ಕಾರ ಹೇಳಿ, ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೆಳಪಟ್ಟಿಯ ಬಲತುದಿಗೆ ಕತ್ತರಿಯ ಬಾಯಿಟ್ಟು ಮೂರು ಸಲ ಎಳೆದ. ಆಮೇಲೆ ಇನ್ನೊಂದು ಕತ್ತರಿ ತೆಗೆದುಕೊಂಡ.

"ಏನ್ರೀ ಮಾಡ್ತಾ ಇದ್ದೀರಿ!" ಮಾರ್ಗದರ್ಶಕರ ಕೈಯಿಂದ ಬ್ರಷ್ಷು ಬಿತ್ತು.

"ಏನಿಲ್ಲ ಸರ್. ಕತ್ತರಿನ ಅಜ್ಜಂಗೆ ತೋರಿಸ್ದೆ. ಇಲ್ಲಿ ಮೂರು ಸಲ ಎಳ್ದ್ರೆ ಕುರಿಗೆ ಗಾಯ ಆಗಲ್ಲ."

"ಮಸೆಯೋಕೆ ಮನೇಲಿ ಸಾಣೆಕಲ್ಲು ಇಲ್ವಾ?"

"ಮನೇಲಿ ಮಸ್ಕೊಂಡೇ ಬಂದೀನಿ ಸರ್. ಇದು ಮೆತ್ತನ್ನ ಕಲ್ಲು, ಇದ್ರಾಗೆ ಏನು ಮಸೆಯಕ್ಕಾಗ್ತದೆ? ಇದು ತೋರಿಸಾದು ಅಷ್ಟೆ."

"ಎಷ್ಟು ಕಾಲದಿಂದ ಹೀಗೆ?"

"ನಮ್ಮಪ್ಪ ಮಾಡ್ತಿದ್ದ. ಅವರಪ್ಪ ಮಾಡ್ತಿದ್ದ. ವರ್ಷಕ್ಕೆ ಎರಡು ಸಲ, ಎಷ್ಟು ಕತ್ತರಿ ಐತೋ ಅಷ್ಟೂ. ಅಜ್ಜನ ಕಾಲದಿಂದ ಬಂದಿರಾದು."

"ಯಾವ ಅಜ್ಜ?"

"ಇವನೇ" ಎಂದು ಅವನು ಕಲ್ಲನ್ನು ತೋರಿಸಿದ.

ಮಾರ್ಗದರ್ಶಕರು ಕೂತು ಆ ಜಾಗವನ್ನು ಬೆರಳಿನಿಂದ ಸವರಿದರು. ನಾನೂ ಸವರಿದೆ. ಉಬ್ಬಿದ ಪಟ್ಟಿ ಅಲ್ಲಿ ಒಂದು ಅಂಗೈ ಉದ್ದ ತಗ್ಗಿ, ಚಮಚೆಯ ಒಳಗಿನಂತೆ ನುಣ್ಣಗಾಗಿತ್ತು. ಬಲಗೈಯವನು ಕುಕ್ಕರಗಾಲಿನಲ್ಲಿ ಕೂತರೆ ಕೈ ನೇರವಾಗಿ ಬರುವ ಜಾಗ. ಕಾಗದ ಅಂಟಿಸಿದೆವು, ತಟ್ಟಿದೆವು, ಒಣಗಲು ಕಾದೆವು, ಮಸಿ ಒತ್ತಿದೆವು. ಕಪ್ಪಿನ ನಡುವೆ ಅಕ್ಷರಗಳು ಒಂದೊಂದಾಗಿ ಬೆಳ್ಳಗೆ ಎದ್ದವು. ಬಲತುದಿಯಲ್ಲಿ ಅಕ್ಷರವಿರಲಿಲ್ಲ. ಉದ್ದನೆಯ ಒಂದು ಬಿಳಿ ಕಲೆ ಇತ್ತು.

"ಬಂತಾ ಹೆಸರು?" ಯಜಮಾನಿ ಕಂಬಳಿ ಹಿಡಿದುಕೊಂಡೇ ಕೇಳಿದರು.

"ಓದಿ ಹೇಳ್ತೀವಿ ಅಮ್ಮ" ಎಂದರು ಮಾರ್ಗದರ್ಶಕರು.

ಈ ಧಾಟಿ ನನಗೆ ಗೊತ್ತು. ರಿಪೋರ್ಟು ಬರಲಿ ಎಂದು ಡಾಕ್ಟರುಗಳು ಹೇಳುವುದು ಇದೇ ಧಾಟಿಯಲ್ಲಿ.

ಮುಂದಿನ ವಾರ ಅವರ ಕೋಣೆಯಲ್ಲಿ ಮೇಜಿನ ಮೇಲೆ ಕಾಗದ ಹರಡಿ ಓದಿದೆವು. ಅಕ್ಷರದ ಆಕಾರ ನೋಡಿದರೆ ಎಂಟುನೂರು ಒಂಬೈನೂರು ವರ್ಷದ ಹಿಂದಿನದು ಎಂದರು. ಮೇಲಿನ ಪಟ್ಟಿಯಲ್ಲಿ ಆಳುವವನ ಬಿರುದುಗಳು, ಊರು. ಕೆಳಪಟ್ಟಿಯಲ್ಲಿ ಕಾಳಗ: ಊರಿನ ದನಗಳನ್ನು ಹಿಡಿದುಕೊಂಡು ಹೋಗುತ್ತಿದ್ದಾಗ ಅಡ್ಡಗಟ್ಟಿ, ಕಾದಿ, ದನಗಳನ್ನು ಮರಳಿಸಿ ಸತ್ತ. ಯಾರು ಎನ್ನುವುದು ಬಲತುದಿಯಲ್ಲಿ. ಬುಡದ ಸಾಲಿನಲ್ಲಿ, ಅವನ ತಮ್ಮ ಈ ಕಲ್ಲು ನಿಲ್ಲಿಸಿದ ಎಂದು. ತಮ್ಮನ ಹೆಸರು ಮಣ್ಣಿನೊಳಗೆ ಇದ್ದುದರಿಂದ ಒಂದು ಗೆರೆಯೂ ಅಳಿಸಿರಲಿಲ್ಲ.

ನನ್ನ ಕೋಷ್ಟಕದಲ್ಲಿ ನಾಲ್ಕು ಕಾಲಮ್ಮು ತುಂಬಿತು. ನಾಲ್ಕನೆಯದು, ಸತ್ತವನ ಹೆಸರಿನದು, ಖಾಲಿ ಉಳಿಯಿತು.

"ಇಲ್ಲಿ ಏನು ಬರೆಯಬೇಕು?" ಎಂದು ಕೇಳಿದೆ.

"ಚುಕ್ಕಿ ಹಾಕಿ."

"ಎಷ್ಟು?"

"ನಾಲ್ಕು ಅಕ್ಷರದ ಜಾಗ ಇದೆ. ನಾಲ್ಕು ಹಾಕಿ."

"ತಮ್ಮನ ಹೆಸರು ಸಿಕ್ಕಿದೆಯಲ್ಲ. ಅದರಿಂದ ಅಣ್ಣನದನ್ನು ಊಹಿಸಬಹುದಲ್ಲ?"

"ನನ್ನ ತಮ್ಮನ ಹೆಸರು ಹೇಳಿದ್ರೆ ನೀವು ನನ್ನ ಹೆಸರು ಹೇಳ್ತೀರಾ ಮೇಡಂ?"

ನಾಲ್ಕು ಚುಕ್ಕಿ ಹಾಕಿದೆ. ಸಮನಾದ ಅಂತರದಲ್ಲಿ.

ಮಾರನೆಯ ದಿನ ಹನ್ನೊಂದು ಗಂಟೆಗೆ ಫೋನ್ ಬಂತು. ಸೊಸೆ. ಅಂಜನಾಪುರದ ಹತ್ತಿರದ ತವರು ಮನೆಗೆ ಬಂದಿದ್ದಳು. ಹಿಂದೆ ನಾಲೆಯ ನೀರಿನ ಸದ್ದು, ಬಟ್ಟೆ ಒಗೆಯುವ ಸದ್ದು ಕೇಳಿಸುತ್ತಿತ್ತು.

"ಮೇಡಂ, ಅವತ್ತು ಸರ್ ಮುಖ ನೋಡ್ದೆ. ಹೆಸರಿಲ್ಲ ಅಲ್ವಾ?"

ಸುಳ್ಳು ಹೇಳಲು ತಯಾರಿ ಇರಲಿಲ್ಲ. ಇಲ್ಲ ಎಂದೆ.

"ಒಳ್ಳೇದಾಯ್ತು ಬಿಡಿ" ಎಂದಳು. "ನಾನು ಫೋನಲ್ಲಿ ಒಂದು ಹೆಸರು ನೋಡಿಟ್ಟೀನಿ. ಎರಡೇ ಅಕ್ಷರ. ಬೆಳಗು ಅಂತ ಅರ್ಥ. ಕಲ್ಲಲ್ಲಿ ಅದೇ ಇದೆ ಅಂತ ನೀವು ಅತ್ತೆಗೆ ಹೇಳಿಬಿಡಿ. ನಾನು ಹೇಳಿದ್ರೆ ಕೇಳಲ್ಲ. ನೀವು ಹೇಳಿದ್ರೆ ಔಷಧಿ ಚೀಟಿ ಥರ ಒಪ್ಕೋತಾರೆ."

"ಅಷ್ಟು ಹಿಂದೆ ಅಂಥ ಹೆಸರು ಇಡುತ್ತಿರಲಿಲ್ಲಮ್ಮ."

"ಅದು ಅತ್ತೆಗೆ ಗೊತ್ತಾ?"

"ನನಗೆ ಗೊತ್ತು."

"ಅಜ್ಜಂಗೂ ಹೆಸರಿಲ್ಲ, ನನ್ನ ಮಗಂಗೂ ಹೆಸರಿಲ್ಲ. ಒಂದೇ ಸಲಕ್ಕೆ ಇಬ್ಬರಿಗೂ ಆಗ್ತದೆ. ಯಾರಿಗೆ ಏನು ನಷ್ಟ ಮೇಡಂ? ಯೋಚನೆ ಮಾಡಿ." ಆಮೇಲೆ, "ಹೆತ್ತೋಳು ನಾನು. ಹರಕೆ ಹೊತ್ತೋರು ಅವರು. ನನ್ನನ್ನ ಯಾರೂ ಕೇಳಿಲ್ಲ" ಎಂದಳು.

ಎರಡು ದಿನ ಯೋಚನೆ ಮಾಡಿದೆ. ಯೋಚನೆಗೆಂದು ಬೆಳಿಗ್ಗೆ ಒಂಬತ್ತರಿಂದ ಹತ್ತು ಗಂಟೆಯ ಸಮಯ ಇಟ್ಟುಕೊಂಡೆ. ಅದು ಉಳಿದ ಗಂಟೆಗಳಿಗೂ ಹರಡಿಕೊಂಡಿತು. ಹುಡುಗಿ ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ. ಒಂಬತ್ತು ತಿಂಗಳು ಹೊತ್ತು, ಶಿವಮೊಗ್ಗದವರೆಗೂ ಹೋಗಿ ಹೆತ್ತವಳು ಅವಳು. ನಾನು ಬಸ್ ನಿಲ್ದಾಣದಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಮಗುವಿಗೆ ದೀಪಾವಳಿಯ ಹೊತ್ತಿಗೆ ಏನೋ ಒಂದು ಹೆಸರು ಬಂದಿರುತ್ತಿತ್ತು.

ನರ್ಸಿಂಗ್ ಶಾಲೆಯಲ್ಲಿ ನಮ್ಮ ಮೇಟ್ರನ್ ಒಂದು ಮಾತು ಹೇಳುತ್ತಿದ್ದರು. ಕೊಡದ ಗುಳಿಗೆಯನ್ನು ಕೊಟ್ಟೆ ಎಂದು ಬರೆಯಬೇಡಿ, ಮುಂದಿನ ಪಾಳಿಯವಳು ಅದನ್ನು ನಂಬಿ ಕೆಲಸ ಮಾಡುತ್ತಾಳೆ. ನೌಕರಿಯ ಎರಡನೆಯ ವರ್ಷದಲ್ಲಿ ಒಮ್ಮೆ ನಾನು ಹಾಗೆ ಬರೆದೆ. ಯಾರಿಗೂ ಏನೂ ಆಗಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ಆ ಹಾಸಿಗೆಯ ನಂಬರು ಹನ್ನೊಂದು.

ಮೂರನೆಯ ದಿನ ಸೊಸೆಗೆ ಫೋನ್ ಮಾಡಿ, ಇಲ್ಲದ್ದನ್ನು ಇದೆ ಎಂದು ಹೇಳುವುದಿಲ್ಲ ಎಂದೆ. ಅವಳು "ಸರಿ ಮೇಡಂ" ಎಂದು ಇಟ್ಟಳು. ಆ ಸರಿ ಸರಿಯಾಗಿರಲಿಲ್ಲ.

ಯಜಮಾನಿಗೆ ಹೇಳುವುದನ್ನು, ಪರೀಕ್ಷೆಯ ಓದು ಇದೆ ಎಂದು ಇನ್ನೂ ಐದು ವಾರ ತಳ್ಳಿದೆ. ಕೋಷ್ಟಕ ಹಾಕಿ ನೋಡಿದರೆ ಅದನ್ನು ಹೆದರಿಕೆ ಎಂಬ ಕಾಲಮ್ಮಿಗೇ ಹಾಕಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಪಡಿಯಚ್ಚಿನ ಸುರುಳಿ ಹಿಡಿದುಕೊಂಡು ಹೋದೆ. ಸೊಸೆ ತವರಿನಿಂದ ವಾಪಸು ಬಂದಿದ್ದಳು. ನನಗೆ ನೀರು ಕೊಟ್ಟು ಬಾಗಿಲ ಪಕ್ಕ ನಿಂತಳು. ಮಗ ಕುರಿ ಹೊಡೆದುಕೊಂಡು ಹೋಗಿದ್ದ. ಮಗು ಕಂಬಳಿಯ ಮೇಲೆ ಕೂತು ತಟ್ಟೆ ಬಡಿಯುತ್ತಿತ್ತು. ಯಜಮಾನಿ ಉಣ್ಣೆಯಿಂದ ಮುಳ್ಳು ಆರಿಸುತ್ತಿದ್ದರು.

ನಾನು ಕಾಗದ ಬಿಡಿಸಿ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೂ ಒಂದೊಂದು ಲೋಟ ಇಟ್ಟು, ಮೊದಲ ಸಾಲಿನಿಂದ ಬೆರಳಿಟ್ಟು ಓದಿ ಹೇಳಿದೆ. ದನಗಳನ್ನು ಹಿಡಿದದ್ದು ಹೇಳಿದೆ, ಅಡ್ಡಗಟ್ಟಿದ್ದು ಹೇಳಿದೆ, ಮರಳಿಸಿದ್ದು ಹೇಳಿದೆ.

"ಕುರಿ ಅಲ್ವೇನ್ರಿ? ದನಾನಾ?" ಯಜಮಾನಿಗೆ ಸ್ವಲ್ಪ ಬೇಸರವಾಯಿತು.

"ದನ."

"ಇರ್ಲಿ ಬಿಡ್ರಿ. ಮುಂದೆ?"

ಮುಂದೆ ಬಿಳಿ ಕಲೆ. "ಅಕ್ಕ, ಇಲ್ಲಿ ಅವನ ಹೆಸರು ಇತ್ತು. ಈಗ ಇಲ್ಲ. ಕತ್ತರಿ ಎಳೆಯುವ ಜಾಗ ಇದೇ. ಎಳೆದು ಎಳೆದು ಸವೆದಿದೆ. ಹೆಸರು ಇದ್ದೇ ಇರುತ್ತದೆ ಎಂದು ನಾನು ನೋಡದೆ ಹೇಳಿದ್ದು. ತಪ್ಪು ನನ್ನದು."

ಅವರು ಕಾಗದವನ್ನು ನೋಡಲಿಲ್ಲ. ಎದ್ದು ಹೊರಗೆ ಹೋದರು. ನಾವಿಬ್ಬರೂ ಹಿಂದೆ ಹೋದೆವು. ಸೊಸೆ ಮಗುವನ್ನು ಎತ್ತಿಕೊಂಡಳು. ಯಜಮಾನಿ ಕಲ್ಲಿನ ಮುಂದೆ ಕೂತು ಆ ತಗ್ಗಿನಲ್ಲಿ ಹೆಬ್ಬೆರಳು ಇಟ್ಟರು. ತಗ್ಗಿನ ಅಗಲಕ್ಕೆ ಹೆಬ್ಬೆರಳು ಸರಿಯಾಗಿ ಕೂತಿತು.

"ನಾವೇ ತಿಂದ್ವಿ ಅನ್ರಿ" ಎಂದರು. "ನನ್ನ ಗಂಡ ಎಳೀತಿದ್ದ. ಮೊದಲ್ನೇ ಸಲ ಮಗನ ಕೈ ಹಿಡ್ದು ಎಳಸಿದ್ದು ನಾನೇ."

ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ. ಇಂಥ ಹೊತ್ತಿನಲ್ಲಿ ಸಮಾಧಾನ ಹೇಳಬಾರದು, ಹತ್ತಿರ ನಿಂತಿರಬೇಕು.

ಅವರು ಕಲ್ಲಿನ ಬುಡ ತೋರಿಸಿದರು. "ಅವತ್ತು ಅಗೆದ್ರಲ್ಲ, ಅಲ್ಲೇನೈತೆ?"

"ಅವನ ತಮ್ಮ ಈ ಕಲ್ಲು ನಿಲ್ಲಿಸಿದ ಎಂದಿದೆ. ತಮ್ಮನ ಹೆಸರು ಇದೆ."

"ಸತ್ತೋನಿಗೆ ಹೆಂಡ್ತಿ ಮಕ್ಕಳು ಇದ್ರು ಅಂತ ಬರ್ದಾರಾ?"

"ಬರೆದಿಲ್ಲ."

"ಹಂಗಾದ್ರೆ ನಾವು ತಮ್ಮನ ಪೈಕಿ ಇರಬೇಕು." ಅವರು ಲೆಕ್ಕ ಹಾಕುವವರಂತೆ ತಲೆಯಾಡಿಸಿದರು. "ಸತ್ತೋನು ದನ ಬಿಡಿಸಿದ, ಸೈ. ಆಮೇಲೆ ಕಲ್ಲು ತರ್ಸಿದ್ದು, ಕೊರ್ಸಿದ್ದು, ನಿಲ್ಸಿದ್ದು, ಮನೆ ನಡೆಸಿದ್ದು ಇವನು. ಇವನ್ನ ಯಾರೂ ಕೇಳೇ ಇಲ್ಲ. ಏನ್ರಿ ಹೆಸರು?"

ಹೇಳಿದೆ. ಹಳೆಯ ಕಾಲದ ಉದ್ದನೆಯ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಯಜಮಾನಿ ಎರಡು ಸಲ ಬಾಯಲ್ಲಿ ಹೊರಳಿಸಿದರು.

"ಅತ್ತೆ" ಎಂದಳು ಸೊಸೆ. ಧ್ವನಿ ಸಣ್ಣಗಿತ್ತು. "ಇದನ್ನ ಇಡ್ತೀರಾ?"

"ಅಜ್ಜನ ಹೆಸರು ಅಜ್ಜನ ಹತ್ರಾನೇ ಇಲ್ಲ ಅಂದ ಮ್ಯಾಲೆ ನಾನೆಲ್ಲಿಂದ ತರ್ಲಿ? ಅವನ ಬೆನ್ನಿಗೆ ಹುಟ್ಟಿದೋನ್ದು ಇಡ್ತೀನಿ. ಬ್ಯಾಡ ಅನ್ನಲ್ಲ ಅವ."

ಸೊಸೆ ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. ಕಣ್ಣು ತುಂಬಿತ್ತು, ಆದರೆ ಅಳಲಿಲ್ಲ. "ಒಂಬತ್ತು ತಿಂಗಳು ಕಾದೆ ನಾನೂ. ನನ್ನನ್ನ ಒಂದು ಸಲ ಕೇಳ್ರಿ ಅತ್ತೆ."

ಯಜಮಾನಿ ತಲೆಯೆತ್ತಿ ಅವಳನ್ನು ನೋಡಿದರು. ಆ ಪ್ರಶ್ನೆ ತಮಗೆ ಹೊಳೆದೇ ಇರಲಿಲ್ಲ ಎನ್ನುವಂತೆ ನೋಡಿದರು. "ನಿಂದೇನು ಹೆಸರು?"

ಸೊಸೆ ಆ ಎರಡಕ್ಷರ ಹೇಳಿದಳು.

"ಇಷ್ಟೇನಾ? ಕರೆಯೋಕೆ ಬಾಯಿ ತೆರೆಯೋ ಅಷ್ಟರಾಗೆ ಮುಗೀತದೆ."

"ಬೆಳಗು ಅಂತ ಅರ್ಥ."

ಯಜಮಾನಿ ಹೆಬ್ಬೆರಳನ್ನು ತಗ್ಗಿನಿಂದ ತೆಗೆದು ಸೆರಗಿಗೆ ಒರೆಸಿಕೊಂಡರು. "ನರ್ಸಮ್ಮ, ಕಾಗದ ಬರೀಬೇಕು ಅಂತಿದ್ರಲ್ಲ, ತಂದೀರೇನು? ಕಾಗದದಾಗೆ ಇವಳ್ದೇ ಬರೀರಿ. ಕಲ್ಲಿನಾಗೆ ಕೊರ್ದಿದ್ದೇ ಉಳೀಲಿಲ್ಲ, ಕಾಗದದಾಗೆ ಯಾವ್ದು ಇದ್ರೆ ನನಗೇನು? ತೊಟ್ಟಿಲಾಗೆ ನಾನು ಇಡಾದು ಇಡ್ತೀನಿ. ನನ್ನ ಬಾಯಾಗೆ ಇರೋ ತನಕ ಅದು ಸವೆಯಲ್ಲ."

ಅರ್ಜಿಯ ನಮೂನೆ ನನ್ನ ಚೀಲದಲ್ಲಿತ್ತು. ಜಗಲಿಯ ಮೇಲೆ ಕೂತು ತುಂಬಿದೆ. ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ತಾರೀಕು, ಸ್ಥಳ. ಮಗುವಿನ ಹೆಸರಿನ ಜಾಗದಲ್ಲಿ ಆ ಎರಡು ಅಕ್ಷರ. ಗಟ್ಟಿಯಾಗಿ ಓದಿ ಹೇಳಿದೆ. ಇನ್ನೊಮ್ಮೆ ಓದಿ ಹೇಳಿದೆ. ಸೊಸೆ ಮಗುವನ್ನು ನನ್ನ ಮಡಿಲಿಗೆ ಕೊಟ್ಟು ಸಹಿ ಮಾಡಿದಳು, ಮಸಿ ಒಣಗುವವರೆಗೆ ಊದಿದಳು.

ಯಜಮಾನಿ ಮಗುವಿನ ಮುಂದೆ ಬಗ್ಗಿ ಕಲ್ಲು ನಿಲ್ಲಿಸಿದವನ ಹೆಸರು ಹಿಡಿದು ಕರೆದರು. ಮಗು ನನ್ನ ವಾಚಿನ ಪಟ್ಟಿಯನ್ನು ಕಚ್ಚುತ್ತಿತ್ತು, ತಿರುಗಲಿಲ್ಲ. ಸೊಸೆ ಈ ಕಡೆಯಿಂದ ಎರಡಕ್ಷರದ ಹೆಸರು ಕರೆದಳು. ಅದಕ್ಕೂ ತಿರುಗಲಿಲ್ಲ.

"ಎರಡೂ ಹೊಸವು" ಎಂದರು ಯಜಮಾನಿ. "ರೂಢಿ ಆಗ್ಲಿ."